ನೋವು ಬಂತು ಅಕ್ಕಾ

ಬುಧವಾರ ನಮ್ಮದು ಶ್ರೀನಿವಾಸಪುರ. ಸೋಮವಾರ, ಮಂಗಳವಾರ ಕೋಲಾರದ ಮುಖ್ಯ ಕ್ಲಿನಿಕ್ಕು, ಗುರುವಾರ ಮುಳಬಾಗಿಲು, ಶುಕ್ರವಾರ ಮಾಲೂರು. ಮೂಳೆ ಡಾಕ್ಟರು ಒಬ್ಬರು, ಊರು ನಾಲ್ಕು. ಅವರ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂರುತ್ತಿದ್ದೆ. ನನ್ನ ಪಕ್ಕದಲ್ಲಿ ಸೀಟ್ ಬೆಲ್ಟ್ ಹಾಕಿಸಿಕೊಂಡು ಸೆಂಟ್ರಿಫ್ಯೂಜ್ ಕೂರುತ್ತಿತ್ತು. ರಕ್ತವನ್ನು ವೇಗವಾಗಿ ತಿರುಗಿಸಿ ಪದರ ಪದರವಾಗಿ ಬೇರೆ ಮಾಡುವ ಯಂತ್ರ ಅದು, ಪ್ರೆಷರ್ ಕುಕ್ಕರಿಗಿಂತ ಸ್ವಲ್ಪ ದೊಡ್ಡದು. ರಸ್ತೆಯಲ್ಲಿ ಗುಂಡಿ ಬಂದಾಗ ಡಾಕ್ಟರು ಕನ್ನಡಿಯಲ್ಲಿ ನೋಡುತ್ತಿದ್ದುದು ಅದನ್ನು, ನನ್ನನ್ನಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್. ಪಿಆರ್‌ಪಿ ಎನ್ನುವ ಚಿಕಿತ್ಸೆಯಲ್ಲಿ ಡಾಕ್ಟರ ಕೆಲಸ ಕೊನೆಯ ಐದು ನಿಮಿಷ, ಅದಕ್ಕೂ ಮುಂಚಿನದೆಲ್ಲ ನನ್ನದು. ರೋಗಿಯ ತೋಳಿನಿಂದ ರಕ್ತ ತೆಗೆಯಬೇಕು, ಅದರಲ್ಲಿ ಗಾಯ ಮಾಯಿಸುವ ಪ್ಲೇಟ್‌ಲೆಟ್ ಕಣಗಳು ದಟ್ಟವಾಗಿರುವ ಭಾಗವನ್ನಷ್ಟೇ ಬೇರ್ಪಡಿಸಬೇಕು, ಅದನ್ನು ಡಾಕ್ಟರು ಅದೇ ರೋಗಿಯ ಪೆಟ್ಟಾದ ಕೀಲಿಗೆ ಚುಚ್ಚಬೇಕು. ಹೊರಗಿನ ಔಷಧಿ ಏನೂ ಇಲ್ಲ. ಅದಕ್ಕೇ ಜನಕ್ಕೆ ಇದರ ಮೇಲೆ ಭಯ ಕಡಿಮೆ. ನನಗೂ ಕಡಿಮೆಯಾಗಿತ್ತು.

ಆ ಹುಡುಗಿ ಗೌನಿಪಲ್ಲಿ ಕಡೆಯವಳು. ಡಿಗ್ರಿ ಕೊನೆಯ ವರ್ಷ, ಕಾಲೇಜಿನ ಕಬಡ್ಡಿ ತಂಡದ ರೈಡರ್. ಬಲ ಮಂಡಿ ತಿರುಚಿಕೊಂಡು ಮೂರು ತಿಂಗಳಾಗಿತ್ತು. ಸ್ಕ್ಯಾನಿನಲ್ಲಿ ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿಯಲ್ಲಿ ಸಣ್ಣ ಬಿರುಕು ಕಂಡಿತ್ತು. ಆಪರೇಷನ್ ಬೇಕಾಗುವಷ್ಟಲ್ಲ, ತಾನಾಗಿ ವಾಸಿಯಾಗುವಷ್ಟೂ ಅಲ್ಲ. ವ್ಯಾಯಾಮ ಮಾಡಿಸಿದ್ದರು, ಊತ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಆರು ವಾರಕ್ಕೆ ಸರಿಯಾಗಿ ವಿಶ್ವವಿದ್ಯಾಲಯದ ತಂಡದ ಆಯ್ಕೆ ಇತ್ತು. ಕೊನೆಯ ವರ್ಷವಾದ್ದರಿಂದ ಅವಳಿಗೆ ಇನ್ನೊಂದು ಆಯ್ಕೆ ಇರಲಿಲ್ಲ.

ಡಾಕ್ಟರು ಯಾವ ಆಸೆಯನ್ನೂ ಹೆಚ್ಚು ತೋರಿಸುವವರಲ್ಲ. "ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಕೆಲವರಿಗೆ ಏನೂ ಆಗಲ್ಲ. ಮಾಡಿಸೋದಾದ್ರೆ ಈಗಲೇ ಮಾಡಿಸ್ಬೇಕು, ಆರು ವಾರ ಅನ್ನೋದೇ ಕಡಿಮೆ" ಅಂದರು.

ಅವಳ ತಾಯಿ ಅಂಗನವಾಡಿಯಲ್ಲಿ ಸಹಾಯಕಿ. ಮಾತಿನಲ್ಲಿ ಮಗಳಿಗಿಂತ ಒಂದು ಕೈ ಮೇಲೆಯೇ.

"ಮೇಡಂ, ಈ ಮದ್ದು ಯಾವ ಕಂಪ್ನಿದು?" ಅಂತ ನನ್ನನ್ನು ಕೇಳಿದರು.

"ಕಂಪ್ನಿ ಏನಿಲ್ಲಮ್ಮ. ನಿಮ್ಮ ಮಗಳ ರಕ್ತಾನೇ."

"ಅವಳ್ದೇ ತೆಗ್ದು ಅವಳ್ಗೇ ಹಾಕೋಕೆ ಬಸ್ ಹತ್ಕೊಂಡು ಇಷ್ಟು ದೂರ ಬರ್ಬೇಕಾ? ತೋಳಲ್ಲಿರೋದು ಮಂಡಿಗೆ ತಾನೇ ಹೋಗಲ್ವಾ?"

"ಅಮ್ಮಾ, ನುವ್ವು ಊರುಕೋ" ಅಂತ ಹುಡುಗಿ ತೆಲುಗಿನಲ್ಲಿ ತಾಯಿಯ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ತಪ್ಪು ತಿಳ್ಕೋಬೇಡಿ ಅಕ್ಕಾ. ನಮ್ಮಮ್ಮ ಅಂಗನವಾಡಿ ಮಕ್ಕಳ್ನ ಮಾತಾಡ್ಸಿ ಮಾತಾಡ್ಸಿ ಎಲ್ಲರೂ ಮೂರು ವರ್ಷದವ್ರು ಅಂದ್ಕೊಂಡವ್ಳೆ" ಅಂದಳು. ತಾಯಿ ಅವಳ ಬೆನ್ನಿಗೊಂದು ಗುದ್ದಿದರು. ಮೂವರೂ ನಕ್ಕೆವು.

ಒಂದು ವಾರ ಮೊದಲಿಂದ ನೋವಿನ ಮಾತ್ರೆ ನಿಲ್ಲಿಸಬೇಕು ಎಂದು ಹೇಳಿ ಮುಂದಿನ ಬುಧವಾರಕ್ಕೆ ಬರಹೇಳಿದೆವು.

ಆ ಬುಧವಾರ ಬೆಳಿಗ್ಗೆ ಕಾರಿನಲ್ಲಿ ನಾನು ಡಾಕ್ಟರಿಗೆ ಒಂದು ವಿಷಯ ಹೇಳಿದೆ. ನಾವು ಬಳಸುತ್ತಿದ್ದದ್ದು ಮುಚ್ಚಿದ ಕಿಟ್. ರಕ್ತ ಒಮ್ಮೆ ಅದರೊಳಗೆ ಹೋದರೆ ಕೊನೆಯವರೆಗೆ ಹೊರಗಿನ ಗಾಳಿ ತಾಗುವುದಿಲ್ಲ. ಅದರ ಸರಬರಾಜು ಬಂದಿರಲಿಲ್ಲ. ಉಳಿದದ್ದು ಹಳೆಯ ತೆರೆದ ವಿಧಾನ. ಒಂದು ಟ್ಯೂಬಿನ ಮುಚ್ಚಳ ತೆಗೆದು, ಉದ್ದ ಸೂಜಿಯಲ್ಲಿ ಎಳೆದು, ಇನ್ನೊಂದು ಟ್ಯೂಬಿಗೆ ಬಿಡುವುದು. ಕೋಲಾರದಲ್ಲಾದರೆ ಅದಕ್ಕೆ ಗಾಜಿನ ಕ್ಯಾಬಿನೆಟ್ ಇದೆ, ಶುದ್ಧ ಗಾಳಿ ಒಳಗೇ ಸುತ್ತುತ್ತದೆ. ಶ್ರೀನಿವಾಸಪುರದಲ್ಲಿ ಇಲ್ಲ.

"ಮಾಡೋಕಾಗುತ್ತಾ?" ಅಂತ ಡಾಕ್ಟರು ಕೇಳಿದರು.

"ಆಗುತ್ತೆ ಸಾರ್. ಬಾಗಿಲು, ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ಸ್ಪಿರಿಟ್ ಲ್ಯಾಂಪ್ ಹಚ್ಕೊಂಡು ಮಾಡ್ತೀನಿ."

ಕಾಲೇಜಿನಲ್ಲಿ ಹಾಗೇ ಕಲಿಸಿದ್ದರು. ಉರಿಯುವ ದೀಪದ ಸುತ್ತ ಒಂದು ಗೇಣಿನಷ್ಟು ಜಾಗದಲ್ಲಿ ಗಾಳಿ ಮೇಲಕ್ಕೆ ಹೋಗುತ್ತದೆ, ಧೂಳು ಕೆಳಗೆ ಬೀಳುವುದಿಲ್ಲ. ಟ್ಯೂಬಿನ ಬಾಯಿ ಆ ಗೇಣಿನೊಳಗೇ ಇರಬೇಕು. ನಾನು ಎಷ್ಟೋ ಸಲ ಮಾಡಿದ್ದೆ.

ಹುಡುಗಿ ಆ ದಿನ ಕಾಲೇಜಿನ ಜರ್ಸಿ ಹಾಕಿಕೊಂಡು ಬಂದಿದ್ದಳು. ತೋಳಿಗೆ ಪಟ್ಟಿ ಕಟ್ಟಿ ಸೂಜಿ ಹಿಡಿದಾಗ ಗೋಡೆಯ ಕಡೆ ಮುಖ ತಿರುಗಿಸಿ ಬಾಯೊಳಗೇ ಏನೋ ಹೇಳತೊಡಗಿದಳು. ಬಗ್ಗಿ ಕೇಳಿದೆ. ಕಬಡ್ಡಿ, ಕಬಡ್ಡಿ, ಕಬಡ್ಡಿ. ಒಂದೇ ಉಸಿರು.

"ಸೂಜಿ ಅಂದ್ರೆ ಅಷ್ಟು ಭಯಾನಾ?"

ಉಸಿರು ಮುಗಿಯುವ ತನಕ ಉತ್ತರ ಕೊಡಲಿಲ್ಲ. ಆಮೇಲೆ, "ಭಯ ಅಲ್ಲ ಅಕ್ಕಾ. ಉಸಿರು ಹಿಡಿದ್ರೆ ನೋವು ಗೊತ್ತಾಗಲ್ಲ. ಒಂದು ರೈಡು ಮೂವತ್ತು ಸೆಕೆಂಡು. ಅಷ್ಟರಲ್ಲಿ ಏನ್ ಬೇಕಾದ್ರೂ ತಡ್ಕೋಬೋದು" ಅಂದಳು.

ಮೊದಲ ಸುತ್ತು ನಿಧಾನದ್ದು, ಸರಿಯಾಗಿ ಆಯಿತು. ಟ್ಯೂಬಿನ ತಳದಲ್ಲಿ ಕೆಂಪು ಕಣಗಳು, ಮೇಲೆ ತಿಳಿ ಹಳದಿ ಪ್ಲಾಸ್ಮಾ, ನಡುವೆ ಹಾಲಿನ ಕೆನೆಯಂಥ ತೆಳು ಬಿಳಿ ಗೆರೆ. ದೀಪದ ಪಕ್ಕದಲ್ಲಿ ಹಳದಿ ಭಾಗವನ್ನೂ ಆ ಗೆರೆಯ ಅಂಚನ್ನೂ ಎಳೆದು ಹೊಸ ಟ್ಯೂಬಿಗೆ ಬಿಟ್ಟೆ. ಯಂತ್ರದ ತೂಕ ಸರಿದೂಗಲು ಎದುರು ಗುಂಡಿಯಲ್ಲಿ ಅಷ್ಟೇ ತೂಕದ ನೀರಿನ ಟ್ಯೂಬ್ ಇಟ್ಟೆ. ಎರಡನೆಯದು ವೇಗದ ಸುತ್ತು. ಅದರಲ್ಲಿ ಪ್ಲೇಟ್‌ಲೆಟ್‌ಗಳು ತಳಕ್ಕೆ ಕೂರುತ್ತವೆ, ಮೇಲಿನ ನೀರಂಥ ಪ್ಲಾಸ್ಮಾವನ್ನು ಚೆಲ್ಲಿ ಕೆಳಗಿನದನ್ನು ಉಳಿಸಿಕೊಳ್ಳಬೇಕು.

ಆ ಸುತ್ತು ಮುಗಿಯಲು ಇನ್ನೆರಡು ನಿಮಿಷ ಇದ್ದಾಗ ಕರೆಂಟ್ ಹೋಯಿತು.

ಯಂತ್ರ ಇಳಿದನಿಯಲ್ಲಿ ಕೊರಗುತ್ತಾ ನಿಂತಿತು. ಅಲ್ಲಿನ ಯುಪಿಎಸ್ ಡಾಕ್ಟರ ಕೋಣೆಯ ಲೈಟಿಗೂ ಕಂಪ್ಯೂಟರಿಗೂ ಮಾತ್ರ. ನನ್ನ ಕೋಣೆ ಕತ್ತಲಾಯಿತು. ಮಾವಿನ ಕಾಲ, ಮಧ್ಯಾಹ್ನದ ಸೆಖೆ. ಹತ್ತು ನಿಮಿಷ ಕಾದೆ. ಬರಲಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ತಳದಲ್ಲಿ ಕೂತದ್ದು ಮತ್ತೆ ಕದಡುತ್ತದೆ ಎಂಬುದು ನನಗೆ ಗೊತ್ತಿತ್ತು. ಎಲ್ಲವನ್ನೂ ಎಸೆದು "ಮುಂದಿನ ಬುಧವಾರ ಬಾ" ಅನ್ನಬಹುದು ಎಂಬುದೂ ಗೊತ್ತಿತ್ತು. ಆದರೆ ಉಳಿದಿದ್ದ ಐದು ವಾರದಲ್ಲಿ ಒಂದು ವಾರ. ಅವಳು ಪಕ್ಕದ ಮಂಚದ ಮೇಲೆ ಜರ್ಸಿ ಹಾಕಿಕೊಂಡು ಮಲಗಿದ್ದಳು. ಅವಳಿಗೆ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಬೆಳಕಿಗಾಗಿ ಕಿಟಕಿ ತೆಗೆದೆ.

ಕಿಟಕಿಯ ಆಚೆ ಮಾವಿನ ಮಂಡಿ. ಹಣ್ಣು ತುಂಬುವ ಕ್ರೇಟುಗಳಿಗೆ ಹಾಸಲು ಒಣಹುಲ್ಲು ರಾಶಿ ಹಾಕಿರುತ್ತಾರೆ. ನಾನು ಟ್ಯೂಬಿನ ಮುಚ್ಚಳ ತಿರುಗಿಸಿ ತೆಗೆದೆ, ಸೂಜಿ ಇಳಿಸಿ ಮೇಲಿನ ಪ್ಲಾಸ್ಮಾ ಎಳೆಯತೊಡಗಿದೆ. ಆಗ ಲಾರಿಯೊಂದು ಹಿಂದಕ್ಕೆ ಸರಿಯಿತು. ಅದರ ಹೊಗೆಯ ಜೊತೆ ಒಂದು ಬಿಸಿ ಗಾಳಿ ಒಳಗೆ ಬಂತು. ದೀಪದ ಉರಿ ಪಕ್ಕಕ್ಕೆ ಮಲಗಿತು, ನೀಲಿಯಾಯಿತು, ಆರಿಹೋಯಿತು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಹುಲ್ಲಿನ ಚೂರುಗಳು ತೇಲುತ್ತಿದ್ದವು. ನನ್ನ ಕೈಯಲ್ಲಿದ್ದ ಟ್ಯೂಬಿನ ಬಾಯಿ ತೆರೆದಿತ್ತು.

ನಾನು ಕೈ ನಿಲ್ಲಿಸಲಿಲ್ಲ. ಎಳೆಯುವುದನ್ನು ಮುಗಿಸಿ ಮುಚ್ಚಳ ಹಾಕಿದೆ. ಆಮೇಲೆ ಕಿಟಕಿ ಮುಚ್ಚಿದೆ.

ಟ್ಯೂಬನ್ನು ಮೆಲ್ಲಗೆ ತೂಗಾಡಿಸಿ ತಳದ್ದನ್ನು ಕರಗಿಸಿದೆ. ಐದು ಎಂಎಲ್, ನಸುಗೆಂಪು ಛಾಯೆಯ ಹಳದಿ, ನೋಡಲು ಅಚ್ಚುಕಟ್ಟಾಗಿತ್ತು. ಸಿರಿಂಜಿಗೆ ತುಂಬಿಸಿದೆ.

ಡಾಕ್ಟರು ಒಳಗೆ ಬಂದು ಕೈ ತೊಳೆದು ಗ್ಲೌಸ್ ಹಾಕಿಕೊಳ್ಳುತ್ತಾ, "ಕರೆಂಟ್ ಹೋಯ್ತಲ್ಲ, ಸರಿಯಾಗಿ ಬಂತಾ?" ಅಂದರು.

"ಬಂತು ಸಾರ್."

ಎರಡೇ ಪದ. ಬ್ಯಾಟರಿಯ ಮೇಲೆ ನಡೆಯುವ ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು ಅವರು ಮಂಡಿಯೊಳಗೆ ಸೂಜಿ ಇಳಿಸಿದರು. ಹುಡುಗಿ ಗೋಡೆಯ ಕಡೆ ತಿರುಗಿ ಕಬಡ್ಡಿ ಹೇಳಿದಳು.

ಆಮೇಲಿನ ಸೂಚನೆ ಕೊಡುವುದು ನನ್ನ ಕೆಲಸ. ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಮಾತನ್ನೇ ಅವಳಿಗೂ ಹೇಳಿದೆ. ತಾಯಿಗೆ ಇನ್ನೂ ಚೆನ್ನಾಗಿ ತಿಳಿಯಲೆಂದು ತೆಲುಗಿನಲ್ಲೂ ಹೇಳಿದೆ.

"ಎರಡು ಮೂರು ದಿನ ಚೆನ್ನಾಗಿ ನೋವಿರುತ್ತೆ. ಹೆದರಬೇಡಿ. ನೋವು ಬಂತು ಅಂದ್ರೆ ಮದ್ದು ಕೆಲಸ ಶುರು ಮಾಡ್ತು ಅಂತ. ಒಳ್ಳೇದು. ನೋವಿನ ಮಾತ್ರೆ ತಗೋಬಾರ್ದು, ತಗೊಂಡ್ರೆ ಮಾಡಿದ್ದೆಲ್ಲ ವೇಸ್ಟು."

ಇದರಲ್ಲಿ ಸುಳ್ಳೇನೂ ಇಲ್ಲ. ಪ್ಲೇಟ್‌ಲೆಟ್‌ಗಳು ಗಾಯವನ್ನು ಕೆಣಕಿ ವಾಸಿ ಮಾಡುತ್ತವೆ, ಸಾಮಾನ್ಯ ನೋವಿನ ಮಾತ್ರೆ ಆ ಕೆಣಕುವಿಕೆಯನ್ನೇ ತಡೆಯುತ್ತದೆ. ಆದರೆ ಜ್ವರ ಬಂದರೆ, ಕಾಲು ನೆಲಕ್ಕೆ ಊರಲಾಗದಿದ್ದರೆ ಆ ಕ್ಷಣವೇ ಫೋನ್ ಮಾಡಿ ಎಂಬುದು ಸೂಚನೆಯ ಉಳಿದರ್ಧ. ಅದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಾನು ಬಾಯಲ್ಲಿ ಹೇಳುತ್ತಿದ್ದದ್ದು ಧೈರ್ಯದ ಭಾಗ ಮಾತ್ರ. ಜನ ಹೆದರಿ ಮಾತ್ರೆ ನುಂಗುತ್ತಾರೆ, ಅದಕ್ಕೆ.

ಗುರುವಾರ ಮುಳಬಾಗಿಲಿನಲ್ಲಿ ಮೊದಲ ರೋಗಿ ಬರುವ ಮುಂಚೆ ನನ್ನ ಫೋನಿಗೆ ಅವಳ ವಾಯ್ಸ್ ಮೆಸೇಜ್ ಬಂತು. "ನೋವು ಬಂತು ಅಕ್ಕಾ! ರಾತ್ರಿಯಿಂದಾನೇ. ನೀವು ಹೇಳ್ದಂಗೇ. ಅಮ್ಮ ಮಾತ್ರೆ ಕೊಡ್ತೀನಿ ಅಂತಾವ್ಳೆ, ನಾನು ಬೇಡ ಅಂದೆ." ಪರೀಕ್ಷೆಯಲ್ಲಿ ಪಾಸಾದವರ ದನಿ. ಹಿಂದೆ ತಾಯಿ ಏನೋ ಬಯ್ಯುತ್ತಿದ್ದದ್ದೂ ಕೇಳಿಸಿತು.

ನಾನು ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದೆ.

ಶುಕ್ರವಾರ ಮಾಲೂರಿನಲ್ಲಿದ್ದೆ. "ಇನ್ನೂ ಜಾಸ್ತಿ ಆಗಿದೆ ಅಕ್ಕಾ. ಮಂಡಿ ಮುಟ್ಟಿದ್ರೆ ಬಿಸಿ. ಒಳ್ಳೇದೇ ಅಲ್ವಾ?" ಎಂದು ಬರೆದಿದ್ದಳು. ಅದನ್ನು ಓದಿದಾಗ ಕಿಟಕಿಯ ಬಿಸಿಲು ಒಂದು ಕ್ಷಣ ಕಣ್ಣಿಗೆ ಬಂತು. ಬಂದದ್ದನ್ನು ನಾನು ದೂಡಿದೆ. "ಮೂರು ದಿನ ಇರುತ್ತೆ. ಕಾಲು ಎತ್ತರಕ್ಕೆ ಇಟ್ಕೋ" ಎಂದು ಬರೆದು ಫೋನ್ ಜೇಬಿಗೆ ಹಾಕಿ ಮುಂದಿನ ರೋಗಿಯ ತೋಳಿಗೆ ಪಟ್ಟಿ ಕಟ್ಟಿದೆ.

ಶನಿವಾರ ಏನೂ ಬರಲಿಲ್ಲ. ನೋವು ಇಳಿದಿದೆ ಅಂದುಕೊಂಡೆ. ಇಳಿದಿರಲಿ ಎಂದು ನಾನು ಎಷ್ಟು ಬಯಸಿದ್ದೆನೆಂದರೆ, ಒಂದು ಫೋನ್ ಮಾಡಿ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಮುಳಬಾಗಿಲಿನ ನಮ್ಮ ಮನೆಯಲ್ಲಿ ದೋಸೆ ಹಿಟ್ಟಿಗೆ ಉಪ್ಪು ಹಾಕುತ್ತಿದ್ದೆ. ಅವಳ ತಾಯಿ ಫೋನ್ ಮಾಡಿದರು.

"ಮೇಡಂ, ಪಾಪ ನಿನ್ನೆಯಿಂದ ಅನ್ನ ಮುಟ್ಟಿಲ್ಲ. ಚಳಿ ಅಂತಾಳೆ. ಇಂಥ ಸೆಖೇಲಿ ಎರಡು ಕಂಬಳಿ ಹೊದ್ಕೊಂಡವ್ಳೆ. ಏಮ್ ಚೆಯ್ಯಾಲಿ, ಏನ್ ಮಾಡ್ಲಿ ಹೇಳಿ."

"ಜ್ವರ ನೋಡಿದ್ರಾ?"

"ಅಂಗನವಾಡಿ ಥರ್ಮಾಮೀಟರ್ ತಂದು ನೋಡ್ದೆ. ನೂರಾ ಮೂರು."

"ಕಾಲು ಊರ್ತಾಳಾ?"

"ಊರೋದಾ? ಬೆಡ್‌ಶೀಟು ತಾಗಿದ್ರೆ ಕಿರುಚ್ತಾಳೆ. ಶುಕ್ರವಾರದಿಂದ ಗೋಡೆ ಕಡೆ ತಿರುಗಿ ಕಬಡ್ಡಿ ಕಬಡ್ಡಿ ಅಂತ ಹೇಳ್ಕೊಂಡು ಮಲ್ಗವ್ಳೆ. ಡಾಕ್ಟರಿಗೆ ಮಾಡ್ತೀನಿ ಅಂದ್ರೆ ಬಿಡಲ್ಲ. ಅಕ್ಕ ನೋವು ಒಳ್ಳೇದು ಅಂದವ್ರೆ ಅಂತಾಳೆ."

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಊರಲ್ಲಿರಲಿಲ್ಲ, ಯಾವುದೋ ಮದುವೆಯ ಗದ್ದಲದಲ್ಲಿದ್ದರು. ಜ್ವರ ಎಂದೆ, ಊತ ಎಂದೆ. ಕಿಟಕಿಯ ವಿಷಯ ಹೇಳಲಿಲ್ಲ. ಅವರು ಯೋಚಿಸಿ, "ಪಿಆರ್‌ಪಿ ಆದ್ಮೇಲೆ ಕೆಲವರಿಗೆ ಹೀಗೆ ರಿಯಾಕ್ಷನ್ ಆಗುತ್ತೆ. ಒಂದು ಆ್ಯಂಟಿಬಯಾಟಿಕ್ ಮಾತ್ರೆ ಶುರು ಮಾಡ್ಸು, ಬುಧವಾರ ಬಂದು ನೋಡ್ತೀನಿ" ಅಂದರು.

ಅವರಿಗೆ ಗೊತ್ತಿದ್ದ ವಿಷಯದ ಮೇಲೆ ಅವರು ಹೇಳಿದ್ದು. ಗೊತ್ತಿಲ್ಲದ ವಿಷಯ ನನ್ನ ಹತ್ತಿರ ಇತ್ತು.

ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತೆ. ಕೀಲಿನೊಳಗೆ ಕೀವಾಗಿದ್ದರೆ ಮಾತ್ರೆ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ, ಜ್ವರವನ್ನು ಸ್ವಲ್ಪ ಇಳಿಸಿ ಎಲ್ಲರಿಗೂ ಸಮಾಧಾನ ಕೊಡುತ್ತದೆ, ಅಷ್ಟೇ. ಅದೂ ಅಲ್ಲದೆ ಮೊದಲು ಮಾತ್ರೆ ಕೊಟ್ಟುಬಿಟ್ಟರೆ ಆಮೇಲೆ ತೆಗೆದ ನೀರಿನಲ್ಲಿ ಯಾವ ಬ್ಯಾಕ್ಟೀರಿಯಾ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವುದು ಕಷ್ಟ. ಮೊದಲು ಸ್ಯಾಂಪಲ್, ಆಮೇಲೆ ಮದ್ದು. ನಮ್ಮ ಓದಿನಲ್ಲಿ ಇದು ಮೊದಲ ವರ್ಷದ ಪಾಠ. ಕೀವು ತುಂಬಿದ ಮಂಡಿಯಲ್ಲಿ ಮೃದ್ವಸ್ಥಿ ಕರಗುವುದು ದಿನಗಳ ಲೆಕ್ಕದಲ್ಲಿ. ನಾಲ್ಕು ದಿನ ಆಗಲೇ ಹೋಗಿತ್ತು.

ತಾಯಿಗೆ ಮತ್ತೆ ಫೋನ್ ಮಾಡಿದೆ. "ಯಾವ ಮಾತ್ರೇನೂ ಕೊಡಬೇಡಿ. ಗಾಡಿ ಮಾಡ್ಕೊಂಡು ಈಗಲೇ ಹೊರಡಿ. ನಾನು ಶ್ರೀನಿವಾಸಪುರ ಬಸ್ ಸ್ಟ್ಯಾಂಡಲ್ಲಿ ಇರ್ತೀನಿ. ಕೋಲಾರದ ದೊಡ್ಡಾಸ್ಪತ್ರೆಗೆ ಹೋಗೋಣ."

"ದೊಡ್ಡಾಸ್ಪತ್ರೆಗಾ?" ಆ ಕಡೆ ದನಿ ಸಣ್ಣದಾಯಿತು. "ಮೇಡಂ, ನೋವು ಒಳ್ಳೇದು ಅಂದ್ರಲ್ಲ?"

ಅವರು ಪಕ್ಕದ ತೋಟದವರ ಟಾಟಾ ಏಸ್‌ನಲ್ಲಿ ಬಂದರು. ಹಿಂದೆ ಮಾವಿನ ಕ್ರೇಟುಗಳನ್ನು ಇಳಿಸಿ ಹುಲ್ಲಿನ ಮೇಲೆ ಕಂಬಳಿ ಹಾಸಿ ಅವಳನ್ನು ಮಲಗಿಸಿದ್ದರು. ಮಂಡಿ ತೊಡೆಗಿಂತ ದಪ್ಪವಾಗಿ, ಚರ್ಮ ಹೊಳೆಯುತ್ತಿತ್ತು. ನಾನು ಹತ್ತಿ ಪಕ್ಕದಲ್ಲಿ ಕೂತೆ. ನನ್ನನ್ನು ನೋಡಿ ಅವಳು ನಗಲು ನೋಡಿದಳು. "ಅಕ್ಕಾ, ನಿಮ್ಮ ಮದ್ದು ಓವರ್ ಟೈಮ್ ಮಾಡ್ತಾ ಐತೆ" ಅಂದಳು. ಗಾಡಿ ಪ್ರತಿ ಹಂಪಿನಲ್ಲಿ ಕುಲುಕಿದಾಗ ಬಾಯೊಳಗೆ ಕಬಡ್ಡಿ ಶುರುವಾಗುತ್ತಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಅದೂ ನಿಂತಿತು. ಒಂದು ಉಸಿರಿಗೆ ಎರಡು ಸಲ ಹೇಳುವಷ್ಟೂ ಬಲ ಇರಲಿಲ್ಲ.

ನಾನು ಇವತ್ತಿಗೂ ಮತ್ತೆ ಮತ್ತೆ ಹೋಗಿ ಕೂರುವುದು ಆ ಗಾಡಿಯಲ್ಲಿ. ನನ್ನ ಸೀರೆಗೆ ಹತ್ತಿದ್ದ ಹುಲ್ಲಿನ ಚೂರನ್ನು ಒಂದೊಂದಾಗಿ ತೆಗೆಯುತ್ತಿದ್ದೆ. ಅವಳ ನಾಡಿ ಹಿಡಿದು ಎಣಿಸುತ್ತಿದ್ದೆ. ಎಣಿಕೆ ನನಗೆ ಸಿಗದಷ್ಟು ವೇಗವಾಗಿತ್ತು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಮೂಳೆ ಸರ್ಜನ್ ನನಗಿಂತ ಸ್ವಲ್ಪವೇ ದೊಡ್ಡ ಹೆಂಗಸು. ಮಂಡಿ ನೋಡಿದ ಕೂಡಲೇ ಸಿರಿಂಜ್ ತರಿಸಿ ಒಳಗಿನ ನೀರು ಎಳೆದರು. ಆರೋಗ್ಯವಂತ ಮಂಡಿಯ ನೀರು ತಿಳಿಯಾಗಿ ಅಂಟಂಟಾಗಿರುತ್ತದೆ. ಇದು ಕದಡಿದ ಗಂಜಿಯ ಹಾಗೆ ಬಂತು. ಮೂವತ್ತು ಎಂಎಲ್ ಬಂದ ಮೇಲೂ ಇನ್ನೂ ಬರುತ್ತಿತ್ತು.

"ಇಂಜೆಕ್ಷನ್ ತಯಾರು ಮಾಡಿದ್ದು ಯಾರು?" ಅಂದರು.

"ನಾನೇ."

"ಆ ದಿನ ಏನಾದ್ರೂ ಆಯ್ತಾ? ನನಗೆ ಗೊತ್ತಾಗ್ಬೇಕು. ಯಾವುದಕ್ಕೆ ಮದ್ದು ಶುರು ಮಾಡ್ಲಿ ಅಂತ ತೀರ್ಮಾನಿಸೋಕೆ."

ಹುಡುಗಿಯ ತಾಯಿ ಮಗಳ ತಲೆಯ ಹತ್ತಿರ ನಿಂತಿದ್ದರು. ಹೊರಗೆ ಬನ್ನಿ, ಹೇಳುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. ಕಿಟ್ ಇಲ್ಲದ್ದು, ಕರೆಂಟ್ ಹೋದದ್ದು, ಕಿಟಕಿ, ಲಾರಿ, ಹುಲ್ಲು, ದೀಪ ಆರಿದ್ದು, ಟ್ಯೂಬಿನ ಬಾಯಿ ತೆರೆದಿದ್ದದ್ದು ಎಲ್ಲವನ್ನೂ ಅಲ್ಲೇ ಹೇಳಿದೆ. ಸರ್ಜನ್ ಬರೆದುಕೊಂಡರು. ಬಯ್ಯಲಿಲ್ಲ. ಮಣ್ಣಿನಿಂದ ಬರುವ ಬ್ಯಾಕ್ಟೀರಿಯಾಗಳಿಗೂ ಸೇರಿಸಿ ಮದ್ದು ಹಾಕಿ ಎಂದು ನರ್ಸಿಗೆ ಹೇಳಿ ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಅವಳನ್ನು ಮಂಡಿ ತೊಳೆಯಲು ಒಳಗೆ ಕರೆದೊಯ್ದರು.

ಸ್ಯಾಂಪಲ್ಲನ್ನು ನಾನೇ ಲ್ಯಾಬಿಗೆ ಒಯ್ದೆ. ಅಲ್ಲಿನ ಟೆಕ್ನಿಷಿಯನ್ ಬಣ್ಣ ಹಾಕಿ ಸ್ಲೈಡ್ ತಯಾರಿಸಿದರು. "ನೋಡ್ತೀರಾ?" ಅಂದರು. ನೋಡಿದೆ. ನೇರಳೆ ಬಣ್ಣದ ಸಣ್ಣ ಗುಂಡುಗಳು, ದ್ರಾಕ್ಷಿ ಗೊಂಚಲಿನ ಹಾಗೆ, ಎಲ್ಲೆಲ್ಲೂ. ಅವು ಧೂಳಿನಲ್ಲೂ ಇರುತ್ತವೆ, ಎಲ್ಲರ ಚರ್ಮದ ಮೇಲೂ ಇರುತ್ತವೆ. ನನ್ನ ಕೈಯಿಂದ ಬಂದಿರಬಹುದು, ಅವಳ ಮಂಡಿಯ ಚರ್ಮದಿಂದಲೇ ಸೂಜಿಯ ಜೊತೆ ಹೋಗಿರಬಹುದು, ಕಿಟಕಿಯಿಂದ ಬಂದಿರಬಹುದು. ಸರ್ಜನ್ನರೂ ಆಮೇಲೆ ಇದನ್ನೇ ಹೇಳಿದರು, ನನ್ನ ಮೇಲಿನ ಕರುಣೆಯಿಂದ. "ಯಾವತ್ತೂ ಗೊತ್ತಾಗಲ್ಲ" ಅಂದರು. ಕರುಣೆಯೇ ಇರಬಹುದು. ಆದರೆ ಶುಕ್ರವಾರದ ಮೆಸೇಜು ಎಲ್ಲಿಂದ ಬಂತು, ಯಾರು ಓದಿದರು ಎಂಬುದಕ್ಕೆ ಯಾವ ಸಂಶಯವೂ ಇಲ್ಲ.

ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ನಾನೂ ಅವಳ ತಾಯಿಯೂ ಕೂತಿದ್ದೆವು. ನಡುವೆ ಒಬ್ಬರು ಕೂರುವಷ್ಟು ಜಾಗ. ಅವರು ನನ್ನ ಕಡೆ ನೋಡದೆ ಹೇಳಿದರು:

"ನಾನು ಏಳನೇ ಕ್ಲಾಸು. ಮಕ್ಕಳಿಗೆ ಮೈ ಬಿಸಿಯಾದ್ರೆ ಕಳ್ಸಿಬಿಡ್ತೀನಿ, ಆಸ್ಪತ್ರೆಗೆ ಹೋಗಿ ಅಂತ. ಗುರುವಾರಾನೇ ನನ್ಗೆ ಇದು ಸರಿ ಇಲ್ಲ ಅನ್ನಿಸ್ತು. ನೀವು ಓದ್ದೋರು ಹೇಳಿದ್ರಲ್ಲ ಅಂತ ಬಾಯಿ ಮುಚ್ಕೊಂಡೆ."

ಅದಾದ ಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ.

ವಿಷಯ ತಿಳಿದು ಡಾಕ್ಟರು ಸೋಮವಾರ ನೇರವಾಗಿ ಆಸ್ಪತ್ರೆಗೆ ಬಂದರು. ಕಾರಿಡಾರಿನಲ್ಲಿ ನಾನು ಅವರಿಗೂ ಹೇಳಿದೆ. ಕಿಟಕಿಯ ವಿಷಯ ಕೇಳಿ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆ ದಿನ ಕೇಳಿದ್ನಲ್ಲ" ಅಂದರು. ಆಮೇಲೆ, "ಬುಧವಾರ ನೋಡೋಣ ಅಂದಿದ್ದು ನಾನು. ಕ್ಯಾಬಿನೆಟ್ ಇಲ್ಲದ ಕಡೆ ಮಾಡು ಅಂತ ಒಪ್ಪಿದ್ದೂ ನಾನೇ" ಅಂದರು. ಅವತ್ತೇ ಅವಳ ತಾಯಿಯ ಎದುರು ನಿಂತು ಅದನ್ನೇ ಹೇಳಿದರು. ಆಮೇಲಿಂದ ನಮ್ಮ ಸೆಂಟ್ರಿಫ್ಯೂಜ್ ಕೋಲಾರ ಬಿಟ್ಟು ಹೊರಗೆ ಹೋಗಿಲ್ಲ.

ಮಂಡಿಯನ್ನು ಎರಡು ಸಲ ತೊಳೆದರು. ಮೂರು ವಾರ ಡ್ರಿಪ್ಪಿನಲ್ಲಿ ಮದ್ದು ಹೋಯಿತು. ಜ್ವರ ಬಿಟ್ಟಿತು, ಊತ ಇಳಿಯಿತು. ಕಾಲು ಉಳಿಯಿತು. ಎರಡನೆಯ ಸಲ ಕ್ಯಾಮೆರಾ ಹಾಕಿ ನೋಡಿದಾಗ ಗಾಜಿನಂತೆ ನುಣುಪಾಗಿರಬೇಕಾದ ಮೃದ್ವಸ್ಥಿ ಅಲ್ಲಲ್ಲಿ ತಿಂದುಹೋಗಿ ಮೂಳೆ ಕಾಣುತ್ತಿತ್ತಂತೆ. "ನಡೀತಾಳೆ. ಮೆಟ್ಟಿಲು ಹತ್ತುತಾಳೆ. ಆಟ ಆಗಲ್ಲ" ಎಂದು ಸರ್ಜನ್ ಹೇಳಿದರು. ಅದನ್ನು ಅವಳಿಗೂ ಅವರೇ ಹೇಳಿದರು. ನಾನು ಆಗ ಅಲ್ಲಿರಲಿಲ್ಲ. ಇರಬೇಕಿತ್ತು.

ಮಾರನೇ ದಿನ ಹೋದೆ. ತಾಯಿ ನನ್ನನ್ನು ಕಂಡು ಚೊಂಬು ತೆಗೆದುಕೊಂಡು ನೀರಿಗೆ ಹೋದರು. ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಜಡೆ ಬಿಚ್ಚಿತ್ತು.

"ಅಕ್ಕಾ, ಒಂದು ಕೇಳ್ಲಾ?" ಅಂದಳು. "ನಾನು ಶುಕ್ರವಾರಾನೇ ಜೋರಾಗಿ ಅಳ್ಬೇಕಿತ್ತಾ?"

ನಾನು ಮಂಚದ ಅಂಚಿನಲ್ಲಿ ಕೂತೆ.

"ಪಿಟಿ ಮೇಷ್ಟ್ರು ಯಾವಾಗ್ಲೂ ಹೇಳೋರು, ನೋವು ಅಂತ ಕೂತ್ರೆ ಹೊರಗೆ ಕೂರಿಸ್ತೀನಿ ಅಂತ. ನೀವು ಒಳ್ಳೇದು ಅಂದ್ರಿ. ಎರಡೂ ಸೇರಿ ನಾನು ಅಂದ್ಕೊಂಡೆ, ಎಷ್ಟು ತಡ್ಕೊಂಡ್ರೆ ಅಷ್ಟು ಬೇಗ ವಾಸಿಯಾಗುತ್ತೆ ಅಂತ."

"ನಿನ್ನ ತಪ್ಪೇನಿಲ್ಲ ಕಣೇ" ಅಂದೆ. ಮತ್ತೆ ಕಿಟಕಿಯ ಕಥೆ ಹೇಳಿದೆ. ಆ ದಿನ ಸರ್ಜನ್ನರ ಎದುರು ಹೇಳಿದಾಗ ಜ್ವರದಲ್ಲಿ ಅವಳಿಗೆ ಕೇಳಿಸಿತ್ತೋ ಇಲ್ಲವೋ. "ಎಸೆದುಬಿಟ್ಟು ಮುಂದಿನ ವಾರ ಬಾ ಅನ್ಬೇಕಿತ್ತು. ನಿನಗೆ ಟೈಮ್ ಇಲ್ಲ ಅಂತ ನಾನು..."

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಅರ್ಥವಾಗದ ಲೆಕ್ಕವನ್ನು ನೋಡುವ ಹಾಗೆ ನೋಡಿದಳು.

"ಒಂದು ವಾರ ತಾನೇ ಅಕ್ಕಾ" ಅಂದಳು. "ಹೇಳಿದ್ರೆ ಕಾಯ್ತಿದ್ದೆ."

ಈಗ ನಮ್ಮ ಸೂಚನೆಯ ಚೀಟಿ ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು. ಮೊದಲ ಸಾಲು ಜ್ವರ. ಪಿಆರ್‌ಪಿ ಮಾಡಿಸಿಕೊಂಡವರಿಗೆ ಮೂರು ದಿನ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ. ಏನೂ ಇಲ್ಲ ಮೇಡಂ, ಚೆನ್ನಾಗಿದ್ದೀನಿ ಅನ್ನುತ್ತಾರೆ. ನನಗೆ ನಂಬಿಕೆ ಬರುವುದಿಲ್ಲ, ಮನೆಯವರ ಕೈಗೆ ಫೋನ್ ಕೊಡಿ ಅನ್ನುತ್ತೇನೆ. ಕೆಲವರಿಗೆ ಇದು ಕಿರಿಕಿರಿ. ಇರಲಿ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಮಂಡಿ ಮಡಿಸುವ ವ್ಯಾಯಾಮಕ್ಕೆ ಅವಳು ಬುಧವಾರ ಬುಧವಾರ ಶ್ರೀನಿವಾಸಪುರಕ್ಕೆ ಬರತೊಡಗಿದಳು. ಅವರಿಗೆ ಹತ್ತಿರದ್ದು ಅದೇ. ಅದೇ ಕೋಣೆ, ಅದೇ ಮಂಚ. ತಾಯಿ ಹೊರಗೆ ಕೂರುತ್ತಾರೆ. ಫಿಸಿಯೋ ಮೇಡಂ ಕಾಲು ಮಡಿಸಿ ಹಿಡಿಯುತ್ತಾರೆ, ನಾನು ಕೋನ ಅಳೆದು, ಮೂವತ್ತು ಸೆಕೆಂಡು ಎಣಿಸಿ ಬರೆದುಕೊಳ್ಳುತ್ತೇನೆ.

ಆಯ್ಕೆಯ ದಿನವೂ ಬುಧವಾರವೇ ಬಂತು. ಅವಳು ಮಂಚದ ಮೇಲೆ ಮಲಗಿ, "ಎಷ್ಟು ಗಂಟೆ ಅಕ್ಕಾ?" ಅಂದಳು. ಹತ್ತೂವರೆ ಅಂದೆ. "ಈಗ ಟಾಸ್ ಆಗಿರುತ್ತೆ" ಅಂದಳು.

ಫಿಸಿಯೋ ಮೇಡಂ ಹಿಮ್ಮಡಿ ಹಿಡಿದು ಮಡಿಸತೊಡಗಿದರು. ನಾನು ಗಡಿಯಾರ ಒತ್ತಿ ಒಂದು, ಎರಡು ಎಂದು ಶುರು ಮಾಡಿದೆ. ಅವಳು ಕೈ ಎತ್ತಿ ನನ್ನನ್ನು ತಡೆದಳು. ಸೂರಿನ ಕಡೆ ಮುಖ ಮಾಡಿ ತಾನೇ ಹೇಳತೊಡಗಿದಳು. ಈ ಸಲ ಬಾಯೊಳಗಲ್ಲ, ಗಟ್ಟಿಯಾಗಿ. ಕಬಡ್ಡಿ, ಕಬಡ್ಡಿ, ಕಬಡ್ಡಿ. ಹೊರಗಿನ ಬೆಂಚಿನಲ್ಲಿ ಸದ್ದು ನಿಂತಿತು. ಗಡಿಯಾರದ ಮುಳ್ಳು ಇಪ್ಪತ್ತು ದಾಟಿತು, ಇಪ್ಪತ್ತೈದು ದಾಟಿತು. ದನಿ ಒಡೆಯಿತು, ಉಸಿರು ಒಡೆಯಲಿಲ್ಲ. ಮೂವತ್ತು ಆಗುತ್ತಲೇ ಫಿಸಿಯೋ ಮೇಡಂ ಕೈ ಬಿಟ್ಟರು. ಅವಳು ಉಸಿರೆಳೆದುಕೊಂಡು ತೋಳಿನಿಂದ ಕಣ್ಣು ಮುಚ್ಚಿಕೊಂಡಳು.

"ನೋವಾಯ್ತಾ?" ಅಂತ ಕೇಳಿದೆ.

"ಆಯ್ತು ಅಕ್ಕಾ" ಅಂದಳು. "ತುಂಬಾ ಆಯ್ತು."

ನಾನು ಪೆನ್ನು ತೆಗೆದು ಅದನ್ನು ಬರೆದುಕೊಂಡೆ.